ಬಣ್ಣ ಕೆರೆದ ಜಾಗ

ನಮ್ಮ ಬೆಳಗಾವಿ ಕಡೆ ಶಿಕ್ಷಕಿಯರಿಗೆ ಬಾಯಾರು ಎನ್ನುತ್ತಾರೆ. ಖಾನಾಪುರದ ಹೈಸ್ಕೂಲಿನಲ್ಲಿ ನಾನು ಕನ್ನಡ ಬಾಯಾರು, ಅವರು ವಿಜ್ಞಾನದ ಬಾಯಾರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನೋಟೀಸು ಬೋರ್ಡಿನಲ್ಲಿ ತಮ್ಮ ಹೆಸರು ಕಂಡರೂ ಮುಖ ಕಿವುಚುತ್ತಿದ್ದ ಹೆಂಗಸು ಅವರು. ಅಚ್ಚಿನಲ್ಲಿ ಕಂಡರೆ ಎಲ್ಲಿದ್ದಾರೋ ಅಲ್ಲಿಂದಲೇ ನನ್ನನ್ನು ಬೈದಾರು. ಬೈಸಿಕೊಳ್ಳಲು ನನಗೇನೂ ಬೇಸರವಿಲ್ಲ. ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಬೈಯುವವರಿಲ್ಲದೆ ನನ್ನ ದಿನಗಳು ಸಪ್ಪಗಾಗಿವೆ.

ಅವರ ಕೈಚೀಲದಲ್ಲಿ ಸೀಮೆಸುಣ್ಣದ ಡಬ್ಬಿಯ ಜೊತೆಗೆ ಎರಡು ವಸ್ತು ಯಾವಾಗಲೂ ಇರುತ್ತಿದ್ದವು: ಕರೆಂಟು ಇದೆಯೋ ಇಲ್ಲವೋ ನೋಡುವ ಟೆಸ್ಟರು, ಮತ್ತು ನೀರು ಸೋಸುವ ಬಿಳಿ ಅರಿವೆ. ಜೈನರ ಮನೆಯ ಹೆಣ್ಣುಮಗಳು, ಸ್ಟೇಷನ್ನಿನ ನಳದ ನೀರನ್ನೂ ಸೋಸದೆ ಕುಡಿಯುತ್ತಿರಲಿಲ್ಲ. ನಾವಿಬ್ಬರೂ ಬೆಳಗಾವಿಯಿಂದ ಖಾನಾಪುರಕ್ಕೆ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುತ್ತಿದ್ದೆವು. ಅವರು ತಾಯಿಯ ಜೊತೆ ಇರುತ್ತಿದ್ದ ರವಿವಾರ ಪೇಟೆಯ ಹಳೆಯ ಮನೆಯಿಂದ ಹೊರಟು, ಕೋಟೆಯೊಳಗಿನ ಬಸದಿಯಲ್ಲಿ ಕೈಮುಗಿದು, ಅಲ್ಲಿಂದ ನಡೆದೇ ಸ್ಟೇಷನ್ನಿಗೆ ಬರುವವರು. ನಾನು ಶಹಾಪುರದಿಂದ ಏದುಸಿರು ಬಿಡುತ್ತ ಓಡಿ ಬರುವವಳು. ನಾವು ಬಸವಣ್ಣನ ಒಕ್ಕಲು, ಉಳ್ಳಾಗಡ್ಡಿ ಎಂದರೆ ಈರುಳ್ಳಿ, ಅದಿಲ್ಲದೆ ನಮ್ಮ ಮನೆಯಲ್ಲಿ ಬುತ್ತಿ ಕಟ್ಟುವ ರೂಢಿಯೇ ಇಲ್ಲ. ನಾನು ಡಬ್ಬಿ ತೆರೆದ ಕೂಡಲೇ ಅವರು ಎದ್ದು ಕಿಟಕಿಗೆ ಸರಿದು, "ನೀವು ಉಣ್ರಿ ಬಾಯಾರ, ನಾ ಗಾಳಿ ತಿಂತೀನಿ" ಎನ್ನುತ್ತಿದ್ದರು. ಹಾಗೆಂದು ಒಂದು ದಿನವೂ ಬೇರೆ ಬೋಗಿಯಲ್ಲಿ ಹೋಗಿ ಕುಳಿತವರಲ್ಲ.

ಬರೀ ನೋಡಿ ಅವರು ಯಾವುದನ್ನೂ ನಂಬುತ್ತಿರಲಿಲ್ಲ. ಸ್ವಿಚ್ಚಿರಲಿ, ಸೀರೆಯಿರಲಿ, ಸಂತೆಯ ಬದನೆಕಾಯಿಯಿರಲಿ, "ನೋಡಿದ್ರ ತಿಳಿಯೂದಿಲ್ರೀ, ಮುಟ್ಟಿ ನೋಡಬೇಕು" ಎನ್ನುವುದು ಅವರ ಮಾತು. ಬದನೆಕಾಯಿ ಮುಟ್ಟಿ ಮುಟ್ಟಿ ನೋಡಿ, ಒಳಗೆ ಹುಳ ಇರಬಹುದೆಂದು ಸಂಶಯ ಬಂದರೆ ಇಟ್ಟು ಬರುತ್ತಿದ್ದರು. ಹುಳ ತಿನ್ನಬೇಕಾದೀತು ಎಂದಲ್ಲ, ಹೆಚ್ಚುವಾಗ ಅದು ಸತ್ತೀತು ಎಂದು. ಸಂತೆಯ ಹೆಂಗಸರು ಅವರನ್ನು ಕಂಡರೆ ಬುಟ್ಟಿಯ ಮೇಲೆ ಗೋಣಿ ಎಳೆಯುವುದೊಂದು ಬಾಕಿ.

ಪಾಠ ಮಾಡುವಾಗ ಮಾತ್ರ ಅವರು ಬೇರೆಯೇ. ಕರೆಂಟಿನ ಪಾಠ ಬಂದಾಗ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆದು, ಕೈ ಕೈ ಹಿಡಿಸಿ ಸುತ್ತ ನಿಲ್ಲಿಸಿ, ಒಂದು ಕೈಯ ಒತ್ತನ್ನು ಪಕ್ಕದ ಕೈಗೆ ದಾಟಿಸಲು ಹೇಳುತ್ತಿದ್ದರು. ಒತ್ತು ಸುತ್ತಿಕೊಂಡು ತಮ್ಮ ಕೈಗೆ ಬಂದಾಗ ಕಣ್ಣು ಮುಚ್ಚಿ ನಗುತ್ತಿದ್ದರು. ಖಾನಾಪುರದ ಮಕ್ಕಳಲ್ಲಿ ಅರ್ಧ ಮರಾಠಿ ಮಾತಿನವರು. "ಸೋಡು ನಕೋ, ಬಿಡಬ್ಯಾಡ್ರಿ" ಎಂದು ಎರಡೂ ಭಾಷೆಯಲ್ಲಿ ಕೂಗುತ್ತಿದ್ದುದು ನನ್ನ ವರ್ಗದವರೆಗೂ ಕೇಳುತ್ತಿತ್ತು. ನನ್ನ ವ್ಯಾಕರಣದ ಪಾಠ ಅಲ್ಲಿಗೆ ಮುಗಿದಂತೆ. ಮಕ್ಕಳ ಕಿವಿಯೆಲ್ಲ ಆ ಅಂಗಳದಲ್ಲಿ.

ಅವರಿಗಿದ್ದವನು ಒಬ್ಬನೇ ತಮ್ಮ. ಅಕ್ಕ ಮದುವೆ ಬೇಡವೆಂದರು, ತಮ್ಮ ಮದುವೆಯಾಗುವುದನ್ನು ಮರೆತ. ನನಗಿಂತ ಚಿಕ್ಕವನು, ನನ್ನನ್ನು ಅಕ್ಕನ ಗೆಳತಿಯೆಂದು ಸಲಿಗೆಯಿಂದ ಕಂಡವನು, ಆದ್ದರಿಂದ ಅವನು ಎಂದೇ ಬರೆಯುತ್ತೇನೆ. ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ ಕಟ್ಟಿಗೆಯ ಅಚ್ಚು ಮಾಡುವ ಕೆಲಸ ಅವನದು. ಖಾನಾಪುರದಲ್ಲಿ ಅವರ ತಂದೆ ನಡೆಸುತ್ತಿದ್ದ ಹಂಚಿನ ಕಾರ್ಖಾನೆ ಯಾವಾಗಲೋ ಮುಚ್ಚಿತ್ತು. ಅದರ ಬಯಲು, ತಮ್ಮ ಒಬ್ಬನೇ ಇರುತ್ತಿದ್ದ ಸಣ್ಣ ಮನೆ, ಒಂದು ಶೆಡ್ಡು, ಭಟ್ಟಿಯ ಎತ್ತರದ ಚಿಮಣಿ ಮಾತ್ರ ಉಳಿದಿದ್ದವು. ಆ ಶೆಡ್ಡಿನಲ್ಲಿ ಅವನು ಒಂದು ಕಾರು ಕಟ್ಟತೊಡಗಿದ. ಪುಣೆಯಿಂದ ಕಿಟ್ ತರಿಸಿದ್ದ. ಫೈಬರಿನ ಮೈ ತುಂಡುತುಂಡಾಗಿ ಬಂತು. ಬಾಗಿಲು, ಗಾಜು, ದುಂಡನೆಯ ದೊಡ್ಡ ದೀಪಗಳು ಪೆಟ್ಟಿಗೆಗಳಲ್ಲಿ ಬಂದವು. ಅದನ್ನೆಲ್ಲ ಹೊರುವ ಕಬ್ಬಿಣದ ಚಾಸಿಯನ್ನು ಅವನೇ ಬೆಸುಗೆ ಹಾಕಿ ಮಾಡಿದ. ಇಂಜಿನ್ ಒಂದು ಹಳೆಯ ಜೀಪಿನದು.

ಅಂಥ ಗಾಡಿಗೆ ಕಾಗದಪತ್ರ ಆಗುವುದು ಕಷ್ಟ, ಊರ ರಸ್ತೆಗೆ ಅದು ಇಳಿಯುವುದಿಲ್ಲ ಎಂಬುದು ಅವನಿಗೆ ಮೊದಲಿನಿಂದ ಗೊತ್ತಿತ್ತು. "ತಯಾರ ಗಾಡಿ ತಗೊಳ್ಳೂದು ಬಿಟ್ಟು ಇದ್ಯಾಕಪಾ?" ಎಂದು ನಾನೇ ಒಮ್ಮೆ ಕೇಳಿದೆ.

"ತಯಾರಾದದ್ದು ತಂದ್ರ ಅವತ್ತಿಗೇ ಮುಗದು ಹೋಗತೈತ್ರಿ ಬಾಯಾರ" ಎಂದ. "ಇದು ನೋಡ್ರಿ, ದಿನಾ ಐತಿ."

ಚಾಸಿಗೆ ಅವನು ಬಣ್ಣ ಬಳಿದದ್ದನ್ನು ನಾನು ನೋಡಿದ್ದೇನೆ. ಅಚ್ಚ ನೀಲಿ. ಒಂದು ಕೋಟು ಬಳಿದು, ಒಣಗಿಸಿ, ಪಾಲಿಶ್ ಪೇಪರಿನಿಂದ ನಯವಾಗಿ ಉಜ್ಜಿ, ಅದರ ಮೇಲೆ ಇನ್ನೊಂದು ಕೋಟು, ಮತ್ತೆ ಉಜ್ಜುವುದು, ಮತ್ತೆ ಬಳಿಯುವುದು. ಕೊನೆಗೆ ಅದರಲ್ಲಿ ಮುಖ ಕಾಣುತ್ತಿತ್ತು. "ಮ್ಯಾಲ ಬಾಡಿ ಕುಂತ ಮ್ಯಾಲ ಇದ್ಯಾರಿಗೆ ಕಾಣಬೇಕೋ ಮಾರಾಯಾ?" ಎಂದು ಅಕ್ಕ ಕೇಳಿದರು. "ನನಗ ಗೊತ್ತಿರತೈತೆಲ್ಲ" ಎಂದು ಅವನು ಮತ್ತೆ ಬಗ್ಗಿದ. ಅಕ್ಕ ನನ್ನ ಕಡೆ ತಿರುಗಿ ತುಟಿ ಓರೆ ಮಾಡಿದರು. ಆದರೆ ಹೋಗುವಾಗ ಆ ನೀಲಿಯನ್ನು ಬೆರಳಿಂದ ಒಮ್ಮೆ ಸವರಿಯೇ ಹೋದರು.

ಆ ಬಣ್ಣವೇ ಅವನು ಕಣ್ತುಂಬ ನೋಡಿ ಮಾಡಿದ ಕೊನೆಯ ಕೆಲಸ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಎಷ್ಟೋ ದಿನದಿಂದ ಅವನು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಕೈಜಾರಿ ಬಿದ್ದ ತಿರುಪಿಗಾಗಿ ನೆಲದ ಮೇಲೆಲ್ಲ ತಡವುತ್ತಿದ್ದವನ ಕಾಲಿನ ಪಕ್ಕದಲ್ಲೇ ಅದು ಇದ್ದುದನ್ನು ಅಕ್ಕ ಕಂಡರು. ಬೆಳಗಾವಿಯ ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಚಿಕಿತ್ಸೆ ನಡೆಯಲಿ, ಆದರೆ ಬರುವ ಮಳೆಗಾಲ ದಾಟುವವರೆಗೆ ದೃಷ್ಟಿ ಉಳಿದೀತು ಎಂದು ಮಾತು ಕೊಡಲಾರೆ ಎಂದರು.

ಹೊರಗೆ ಬಂದು ಆಟೋ ಹತ್ತುವಾಗ ಅವನು ಅಕ್ಕನಿಗೆ ಹೇಳಿದ್ದು ಇಷ್ಟೇ. "ಗಾಡಿ ಓಡದಿದ್ರೂ ನಡೀತೈತಿ ಅಕ್ಕಾ. ದೀಪ ಹತ್ತಿದ್ದು ನೋಡಬೇಕು. ಹತ್ತಿದ ದೀಪ ಚಿಮಣಿ ಮ್ಯಾಲ ಬಿದ್ದದ್ದು ನೋಡಬೇಕು." ಮರುದಿನ ರೈಲಿನಲ್ಲಿ ಇದನ್ನು ನನಗೆ ಹೇಳುವಾಗ ಬಾಯಾರು ಅಳಲಿಲ್ಲ. ನೀರು ಸೋಸುವ ಅರಿವೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ಕುಳಿತಿದ್ದರು.

ದೀಪಗಳ ವೈರಿಂಗ್ ಒಂದೇ ಉಳಿದಿತ್ತು. ಬೆಳಗಾವಿಯಿಂದ ಬಂದ ಗಾಡಿ ಇಲೆಕ್ಟ್ರಿಷಿಯನ್ ಒಬ್ಬ ಫೈಬರಿನ ಮೈಯನ್ನು ಬೆರಳಿಂದ ತಟ್ಟಿ, ರಾಶಿ ಬಿದ್ದ ತಂತಿ ನೋಡಿ, ಚಹಾ ಕುಡಿದು, ನಾಳೆ ಬರುತ್ತೇನೆ ಎಂದು ಹೋದವನು ಆ ಕಡೆ ಸುಳಿಯಲೇ ಇಲ್ಲ. "ಅವನ ನಾಳಿ ಯಾವಾಗ ಬರತೈತೋ ಏನೋ, ನಾನ ಮಾಡ್ತೀನಿ" ಎಂದು ಬಾಯಾರು ಸೆರಗು ಸಿಕ್ಕಿಸಿದರು. ರವಿವಾರ ಪೇಟೆಯ ಅಂಗಡಿಗಳಲ್ಲಿ ತಿರುಗಿ ತಂತಿ, ಫ್ಯೂಸು, ಬಲ್ಬು ತಂದರು. ಬೇಸಿಗೆ ರಜೆಯಲ್ಲೂ ದಿನಾ ಖಾನಾಪುರಕ್ಕೆ ಹೋದರು. ಎಷ್ಟೋ ದಿನ ನನ್ನನ್ನೂ ಎಳೆದುಕೊಂಡು ಹೋದರು. ಪಕ್ಕದಲ್ಲಿ ಕುಳಿತು ತಮ್ಮ ಹೇಳುವುದು, ಅಕ್ಕ ಮಾಡುವುದು, ನಾನು ತಂತಿ ಹಿಡಿದು ನಿಲ್ಲುವುದು. ಕೆಂಪು ತಂತಿ ಕೇಳಿದರೆ ಕಿತ್ತಳೆಯದು ಕೊಟ್ಟು ಬೈಸಿಕೊಳ್ಳುವುದೂ ನನ್ನ ಕೆಲಸವೇ.

ಈ ಕೆಲಸದ ಮರ್ಮ ನನಗೆ ತಿಳಿದದ್ದು ಗುಂಜಿಯಲ್ಲಿ. ರಜೆಗೆ ಮುಂಚೆ ಒಂದು ಬೆಳಿಗ್ಗೆ ರೈಲಿನಲ್ಲಿ ಇದೇ ಮಾತಿನಲ್ಲಿ ಮುಳುಗಿ, ಖಾನಾಪುರ ಬಂದದ್ದೂ ಹೋದದ್ದೂ ಇಬ್ಬರಿಗೂ ಗೊತ್ತಾಗಲಿಲ್ಲ. ಮುಂದಿನ ಸ್ಟೇಷನ್ ಗುಂಜಿಯಲ್ಲಿ ಇಳಿದೆವು. ಆಚೆ ಕಾಡು, ಈಚೆ ಖಾಲಿ ಪ್ಲಾಟ್‌ಫಾರ್ಮು, ಹಿಂದಿರುಗುವ ಗಾಡಿಗೆ ಇನ್ನೂ ಹೊತ್ತಿತ್ತು. ನಾನು ಮೊದಲ ಪೀರಿಯಡ್ಡು ಹೋಯಿತಲ್ಲ ಎಂದು ಒದ್ದಾಡುತ್ತಿದ್ದರೆ ಇವರು ಕೆಳಗೆ ಕುಳಿತು ಸೀಮೆಸುಣ್ಣದಿಂದ ನೆಲದ ಮೇಲೆ ಚಿತ್ರ ಬರೆದರು.

"ಇದು ಬ್ಯಾಟರಿ. ಇದು ದೀಪ. ಕರೆಂಟ್ ಬ್ಯಾಟರಿಯಿಂದ ಹೊಂಟು ದೀಪಕ್ಕ ಬಂತು. ಮುಂದೇನ್ರಿ?"

"ಮುಂದೇನು, ದೀಪ ಹತ್ತಿತು."

"ಹತ್ತೂದಿಲ್ಲ. ಹೋದದ್ದು ತಿರುಗಿ ಬ್ಯಾಟರಿಗೆ ಬರಬೇಕಲ್ರೀ. ಬರೂ ದಾರಿ ಇಲ್ಲಂದ್ರ ಅದು ಹೋಗೂದೂ ಇಲ್ಲ. ಪ್ಯಾಟ್ಯಾಗಿನ ಗಾಡಿಗೋಳದು ಮೈಯೆಲ್ಲಾ ತಗಡು. ದೀಪದ ಒಂದು ತಂತಿ ತಗಡಿಗೆ ಕಚ್ಚಿಸಿದ್ರ ಆತು, ಆ ತಗಡ ತಿರುಗಿ ಬರೂ ದಾರಿ. ಅದಕ್ಕ ಅರ್ಥಿಂಗ್ ಅಂತಾರ. ನಮ್ಮ ಗಾಡೀದು ಫೈಬರ್. ಅದರಾಗ ಕರೆಂಟ್ ಹಾಯೂದಿಲ್ಲ. ಅದಕ್ಕ ಪ್ರತಿಯೊಂದ ದೀಪದ್ದೂ ಒಂದೊಂದ ತಂತಿ ತಂದು ಕೆಳಗಿನ ಕಬ್ಬಿಣದ ಚಾಸಿಗೆ ಬೋಲ್ಟ್ ಹಾಕಿ ಬಿಗೀಬೇಕು. ಬರೀ ಕಬ್ಬಿಣ ತಾಕಬೇಕು, ನಡುವ ಬಣ್ಣಾನೂ ಇರಬಾರದು."

ಶಾಲೆಗೆ ಬಂದಾಗ ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. ರೈಲು ತಡವಾಯಿತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇವರು, "ಮಾತಿನಾಗ ಮರತು ಗುಂಜಿಗೆ ಹೋಗಿದ್ವಿ ಸರ್, ಅರ್ಧ ದಿನದ ರಜಾ ಬರಕೊಳ್ರಿ" ಎಂದುಬಿಟ್ಟರು. ಇಬ್ಬರ ರಜೆಯೂ ಹೋಯಿತು. ಸಣ್ಣ ಸುಳ್ಳು ಕೂಡ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಆ ದಿನ ನಾನು ಅವರ ಜೊತೆ ಸಂಜೆಯವರೆಗೆ ಮಾತು ಬಿಟ್ಟಿದ್ದೆ.

ಅಂಥವರು ಒಂದು ಸುಳ್ಳು ಹೇಳಿದರು. ತಮ್ಮ ಕೇಳಿದ್ದ: "ಅಕ್ಕಾ, ಬೋಲ್ಟ್ ಬಿಗಿಯೂ ಜಾಗಾದಾಗ ಪೇಂಟ್ ಕೆರದಿಯೇನು?" ಅವರು ಚಾಸಿಯ ಕೆಳಗೆ ತಲೆಯಿಟ್ಟು ಮಲಗಿದ್ದರು. ಅಲ್ಲಿಂದಲೇ "ಹೂಂ" ಎಂದರು. ನಾನು ಅದನ್ನು ಕೇಳಿದೆ. ಅದು ಸುಳ್ಳು ಎಂದು ನನಗೆ ಹೇಗೆ ತಿಳಿಯಬೇಕು?

ಕೆಲಸ ಮುಗಿದ ಮೇಲೂ ದೀಪಗಳನ್ನು ಸರಿಯಾಗಿ ಪರೀಕ್ಷೆ ಮಾಡಲಿಲ್ಲ. ಅದಕ್ಕೂ ಅವರೇ ಕಾರಣ. ಅವರ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ಕತ್ತಲಾದ ಮೇಲೆ ಬೇಕಿಲ್ಲದ ದೀಪ ಉರಿಯಬಾರದು. ಬೆಳಕಿಗೆ ಹುಳ ಬರುತ್ತವೆ, ಬಿಸಿ ಗಾಜಿಗೆ ಬಡಿದು ಸಾಯುತ್ತವೆ. ಹೀಗಾಗಿ ಆಕಾಶದಲ್ಲಿ ಇನ್ನೂ ಬೆಳಕಿರುವಾಗಲೇ ಒಂದು ಸಲ ಹಚ್ಚಿ, "ಹತ್ತಿದ್ವು" ಎಂದು ಆರಿಸಿದರು. ಹಗಲಿನ ಬೆಳಕಿನಲ್ಲಿ ಕಾರಿನ ದೀಪ ಎಷ್ಟು ಹೊಳೆಯಬೇಕು ಎಂಬುದು ಯಾರಿಗೆ ಗೊತ್ತು? ಹತ್ತಿವೆ ಎಂದು ನಮಗೆ ಖುಷಿಯೋ ಖುಷಿ. ತಮ್ಮ ಮಾತ್ರ, "ಕತ್ತಲದಾಗ ಒಮ್ಮೆ ಹಚ್ಚೂಣು ಅಕ್ಕಾ" ಎಂದ. ಅವರು ಇಂದು ನಾಳೆ ಎಂದು ದೂಡುತ್ತ ಬಂದರು. ಅಷ್ಟರಲ್ಲಿ ಮೊದಲ ಮಳೆ ಬಿತ್ತು. ಮೋಡ ಕವಿದರೆ ಅವನು ತಟ್ಟೆಯಲ್ಲಿನ ಪಲ್ಯ ಯಾವುದು ಎಂದು ಕೇಳಬೇಕಾಗುವ ದಿನ ಬಂತು.

ಕೊನೆಗೆ, ಮೊದಲ ಮಳೆಯ ಮರುದಿನ, ಕತ್ತಲಲ್ಲೇ ಹಚ್ಚೋಣ ಎಂದು ಅಕ್ಕ ಒಪ್ಪಿದರು. ಆ ಸಂಜೆ ನಾನೂ ಇದ್ದೆ. ಬೇಗ ಊಟ ಮುಗಿಸಿ ಶೆಡ್ಡಿಗೆ ಹೋದೆವು. ಕಾರನ್ನು ಚಿಮಣಿಗೆ ಮುಖ ಮಾಡಿ ಹೊರಗೆ ತಳ್ಳಿ ನಿಲ್ಲಿಸಿದೆವು. ಅವನು ಸ್ಟೇರಿಂಗ್ ಹಿಡಿದು ಕುಳಿತ. ಅಕ್ಕ ಮುಂದೆ ದೀಪದ ಪಕ್ಕ ನಿಂತರು, ನಾನು ಬಾಗಿಲ ಬಳಿ. ಕತ್ತಲು ಇಳಿಯುವವರೆಗೆ ಕಾದೆವು. ಆಮೇಲೆ ಅವನು ಸ್ವಿಚ್ಚು ತಾನೇ ಒತ್ತಿದ.

ಚಿಮಣಿಯ ಬುಡದ ಮೇಲೆ ನಸು ಹಳದಿ ಬೆಳಕು ಬಿತ್ತು, ಸೆಲ್ ಮುಗಿಯಲು ಬಂದ ಟಾರ್ಚಿನ ಬೆಳಕಿನಂತೆ. ಕಾರಿನ ದೀಪ ಇಷ್ಟೇ ಇರಬಹುದು ಎಂದುಕೊಂಡೆ.

"ಅಕ್ಕಾ, ಹತ್ತ್ಯಾವೇನು?"

"ಹತ್ತ್ಯಾವಲ್ಲೋ."

ಅವನು ಗಾಜಿನಾಚೆ ಬಹಳ ಹೊತ್ತು ನೋಡಿದ. "ಹಂಗಾರ ಆತು" ಎಂದ.

"ಏನಾತು?"

"ನನ್ನ ಕಣ್ಣು ಆತು. ಚಿಮಣಿ ಕಾಣವಲ್ದು. ಇರಲಿ ಬಿಡು, ಆರಸ್ತೀನಿ. ಸುಮ್ಮನ ಹುಳ ಬರತಾವ."

ಅವನ ಧ್ವನಿಯಲ್ಲಿ ಸಿಟ್ಟಾಗಲಿ ಅಳುವಾಗಲಿ ಇರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಅವನು ಮುಖ ಒರೆಸಿಕೊಳ್ಳಲು ಕೈ ಎತ್ತಿದಾಗ ಸ್ಟೇರಿಂಗಿನ ಪಕ್ಕದ ಕಡ್ಡಿಗೆ ಕೈ ತಾಗಿತು. ತಿರುವಿನ ಸೂಚನೆ ಕೊಡುವ ಎಡಗಡೆಯ ಹಳದಿ ದೀಪ ಮಿಟುಕತೊಡಗಿತು. ಏನಾದರೂ ಮಾತಾಡಬೇಕಲ್ಲ ಎಂದು, ನಾನು ಬಾಯಿಗೆ ಬಂದದ್ದನ್ನು ಆಡಿದೆ. "ಬಾಯಾರ, ಸಣ್ಣ ದೀಪ ಮಿಟಕಸೂದು ಖರೇ. ಅದರ ಕೂಡ ಬಾಜುದ ದೊಡ್ಡದೂ ಯಾಕ ಮಿಟಕಸ್ತೈತಿ?"

ಅವರು ತಿರುಗಿ ನೋಡಿದರು. ಬಗ್ಗಿ ನೋಡಿದರು. ಆಮೇಲೆ ನಿಂತಲ್ಲೇ ಹಸಿ ನೆಲದ ಮೇಲೆ ಕುಳಿತುಬಿಟ್ಟರು.

"ನಿನ್ನ ಕಣ್ಣಲ್ಲೋ ತಮ್ಮಾ. ಇದು ನಾ ಮಾಡಿದ್ದು. ದೀಪಾನ ಮಬ್ಬ ಅದಾವು. ಅರ್ಥಿಂಗ್ ಕೂತಿಲ್ಲ, ತಿರುಗಿ ಬರಾಕ ದಾರಿ ಸಿಗದ ಕರೆಂಟ್ ಬಾಜೂದರಾಗ ನುಗ್ಗಾಕ ನೋಡ್ತೈತಿ. ನಾ ಪೇಂಟ್ ಕೆರದಿಲ್ಲ."

"ಕೇಳಿದ್ದೆ ನಿನ್ನ. ಹೂಂ ಅಂದಿ."

"ಅಂದೆ."

"ಯಾಕ?"

ಅಕ್ಕ ಚಾಸಿಯ ಕಡೆ ಕೈ ಮಾಡಿದರು. "ನೀ ಕಣ್ಣೀಲೆ ನೋಡಿ ಮಾಡಿದ್ದ ಕಡೀ ಬಣ್ಣ ಅದು. ಪಾಲಿಶ್ ಪೇಪರ್ ಹಿಡಕೊಂಡು ಕುಂತಿದ್ದೆ. ಕೈ ಏಳಲಿಲ್ಲ. ಬೋಲ್ಟ್ ಬಿಗದ್ರ ಎಲ್ಲೆರ ಒಂದಿಷ್ಟು ಕಬ್ಬಿಣ ತಾಕೀತು ಅಂತ ಬಿಗದೆ."

ಎಲ್ಲವನ್ನೂ ಮುಟ್ಟಿ ನೋಡಿಯೇ ನಂಬುತ್ತಿದ್ದ ಹೆಂಗಸು. ಅದೊಂದು ಕಡೆ ಮಾತ್ರ ಮುಟ್ಟಲಾರದೆ ಬಿಟ್ಟಿದ್ದರು. ಅದರಿಂದಾಗಿ ತಮ್ಮ ತನ್ನ ಕಣ್ಣು ಮುಗಿಯಿತೆಂದು ಕಾರಿನಲ್ಲಿ ಕುಳಿತಿದ್ದ. ಇಬ್ಬರಲ್ಲಿ ಯಾರಿಗಾಗಿ ಮರುಗಬೇಕು ಎಂಬುದು ನನಗೆ ತಿಳಿಯಲಿಲ್ಲ.

ಅವನು ಬಾಗಿಲು ತೆರೆದು, ಗಾಡಿಯ ಮೈ ಹಿಡಿದುಕೊಂಡು ಮುಂದೆ ಬಂದು ಅಕ್ಕನ ಪಕ್ಕ ಕುಳಿತ. "ಪೇಪರ್ ತಗೋ. ನೀನ ಕೆರಿ" ಎಂದ. ನಾನು ಟಾರ್ಚು ಹಿಡಿದೆ. ಅವರು ಬೋಲ್ಟು ಬಿಚ್ಚಿ ಉಜ್ಜತೊಡಗಿದರು. ಅಳುತ್ತಲೇ ಉಜ್ಜಿದರು. ನೀಲಿ ಪುಡಿ ಅವರ ಬಿಳಿ ಸೀರೆಯ ಮೇಲೆಲ್ಲ ಉದುರಿತು. ಅವನು ನಡುನಡುವೆ ಬೆರಳಿಟ್ಟು ನೋಡುತ್ತಿದ್ದ. "ಇನ್ನಾ ನುಣ್ಣಗ ಐತಿ. ಬಣ್ಣ ಹೋಗಿಲ್ಲ. ಇನ್ನಾ ಕೆರಿ." ಮತ್ತೆ ಉಜ್ಜುವರು, ಮತ್ತೆ ಅವನ ಬೆರಳು. "ಹಾಂ. ಈಗ ಕಬ್ಬಿಣ ಬಂತು." ಹಾಗೆ ಒಂದೊಂದೇ ಬೋಲ್ಟಿನ ಕೆಳಗೆ ಬೆಳ್ಳಗೆ ಕಬ್ಬಿಣ ಕಾಣುವಂತೆ ಮಾಡಿ, ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸು ಸವರಿದರು.

ಅವನು ಹೋಗಿ ಕುಳಿತು ಮತ್ತೆ ಸ್ವಿಚ್ಚು ಒತ್ತಿದ.

ಚಿಮಣಿ ಬುಡದಿಂದ ತುದಿಯವರೆಗೆ ಒಮ್ಮೆಲೆ ಎದ್ದು ನಿಂತಿತು. ಇಟ್ಟಿಗೆ ಇಟ್ಟಿಗೆ ಎಣಿಸಬಹುದಾಗಿತ್ತು. ನಾನು ಅವನ ಮುಖ ನೋಡುತ್ತಿದ್ದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಅವನ ಗದ್ದ ಮೆಲ್ಲಗೆ ಮೇಲೆ ಮೇಲೆ ಹೋಯಿತು, ಕಣ್ಣು ಚಿಮಣಿಯನ್ನು ಏರುತ್ತಿತ್ತು.

"ಅಕ್ಕಾ, ತುದೀಗೆ ಒಂದು ಗಿಡ ಎದ್ದೈತೆಲ್ಲ."

ನಾವಿಬ್ಬರೂ ಕತ್ತೆತ್ತಿದೆವು. ಚಿಮಣಿಯ ಬಾಯಿಯ ಅಂಚಿನಲ್ಲಿ ಬಿರುಕಿನಿಂದ ಒಂದು ಅರಳಿಯ ಸಸಿ ಎದ್ದು ನಿಂತಿತ್ತು. ದಿನಾ ಬಂದು ಹೋಗುತ್ತಿದ್ದ ನಾವು ಯಾರೂ ಅದನ್ನು ನೋಡಿರಲಿಲ್ಲ. "ಹೌದೋ, ಎದ್ದೈತಿ" ಎಂದು ಅಕ್ಕ ಹೇಳಿದರು. ಆ ಧ್ವನಿಯನ್ನು ನಾನು ಮತ್ತೆಂದೂ ಕೇಳಲಿಲ್ಲ.

ಮೊದಲ ಮಳೆಯ ಮರುದಿನ, ರೆಕ್ಕೆಯ ಗೆದ್ದಲು ಹುಳಗಳು ನೆಲದಿಂದ ಏಳುವ ಕಾಲ. ಬೆಳಕಿಗೆ ಹಿಂಡುಹಿಂಡಾಗಿ ಬಂದವು. ಆರಿಸುತ್ತಾರೆ ಎಂದು ನಾನು ಕಾದೆ. ಅವರು ಆರಿಸೆನ್ನಲಿಲ್ಲ. ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು, ಒಂದು ದೀಪದ ಮುಂದೆ, ಇನ್ನೊಂದು ದೀಪದ ಮುಂದೆ ಓಡಾಡುತ್ತ ಹುಳಗಳನ್ನು ಗಾಜಿಗೆ ಬಡಿಯದಂತೆ ಬೀಸತೊಡಗಿದರು. ತಮ್ಮನಿಗೆ ಬೆಳಕು ಅಡ್ಡವಾಗಬಾರದೆಂದು ಬಗ್ಗಿ ಬಗ್ಗಿ ಬೀಸುತ್ತಿದ್ದರು. ನಾನು ಇನ್ನೊಂದು ಬದಿಗೆ ನಿಂತು ಬೀಸಿದೆ. ಅವನಿಗೆ ಸಾಕಾಗುವವರೆಗೆ ದೀಪ ಉರಿಯಿತು. ಎಷ್ಟು ಬೀಸಿದರೂ ಕೆಲವು ಸತ್ತವು. ಗಾಜು ಒರೆಸುವಾಗ ಅವರು ಅವುಗಳನ್ನು ಎಲೆಯ ಮೇಲೆ ತೆಗೆದು ಬೇಲಿಯ ಬುಡದಲ್ಲಿ ಇಟ್ಟರು. "ನಾಳಿ ನಂದು ಉಪಾಸ" ಎಂದರು. ಮರುದಿನ ನೀರು ಕೂಡ ಕುಡಿಯಲಿಲ್ಲ. ಹುಳಕ್ಕಾಗಿಯೋ, ಆ "ಹೂಂ"ಗಾಗಿಯೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಮಳೆಗಾಲ ಮುಗಿಯುವುದರೊಳಗೆ ಅವನ ಕಣ್ಣು ಪೂರಾ ಹೋದವು. ತಾಯಿ ತೀರಿಕೊಂಡ ಮೇಲೆ ಬಾಯಾರು ರವಿವಾರ ಪೇಟೆಯ ಮನೆಗೆ ಬೀಗ ಹಾಕಿ ಖಾನಾಪುರಕ್ಕೆ ತಮ್ಮನ ಹತ್ತಿರ ಹೋದರು. ನಾವಿಬ್ಬರೂ ನಿವೃತ್ತರಾದೆವು. ನಾನು ಆಗಾಗ ಹೋಗುತ್ತಿದ್ದೆ, ಉಳ್ಳಾಗಡ್ಡಿ ಇಲ್ಲದ ಬುತ್ತಿ ಕಟ್ಟಿಕೊಂಡು. ಹೋದಾಗೆಲ್ಲ ಕಂಡದ್ದು ಒಂದೇ ಪದ್ಧತಿ. ಹೊತ್ತು ಮುಳುಗುವ ಮುಂಚೆ ಅಕ್ಕ ದೀಪ ಹಚ್ಚುವರು. ತಮ್ಮ ತಡವುತ್ತ ಬಂದು ಎರಡು ದೀಪಗಳ ಗಾಜಿನ ಮೇಲೂ ಅಂಗೈ ಇಡುವನು. ಎರಡರ ಬಿಸಿಯೂ ಸಮ ಇದ್ದರೆ "ಆತು" ಎನ್ನುವನು. ಒಂದು ಕಡೆ ಬಿಸಿ ಕಡಿಮೆ ಬಂದರೆ ಅಲ್ಲಿ ಅರ್ಥಿಂಗ್ ಹಿಡಿದಿಲ್ಲ ಎಂದು ಅರ್ಥ. ಅಕ್ಕ ಬೋಲ್ಟು ಬಿಚ್ಚಿ, ಕಟ್ಟಿದ ತುಕ್ಕು ಉಜ್ಜಿ, ಗ್ರೀಸು ಸವರುವರು. "ನೋಡಿದ್ರ ತಿಳಿಯೂದಿಲ್ರೀ" ಎಂದು ನನ್ನ ಕಡೆ ನೋಡಿ ನಗುವರು. ಕಾರು ಎಲ್ಲಿಗೂ ಹೋಗಲಿಲ್ಲ. ದೀಪ ಮಬ್ಬಾಗಲು ಮಾತ್ರ ಅವರು ಬಿಡಲಿಲ್ಲ.

ಈ ವರ್ಷ ಬೇಸಿಗೆಯ ಮೊದಲಿಗೆ ಅವರು ಹಾಸಿಗೆ ಹಿಡಿದರು. ಹೆಚ್ಚು ದಿನ ಯಾರಿಗೂ ತ್ರಾಸು ಕೊಡಲಿಲ್ಲ. ಕೊನೆಯ ಸಲ ನಾನು ಹೋದಾಗ ಗುಂಜಿಯ ಅರ್ಧ ದಿನದ ರಜೆ ನೆನಪಿಸಿ, "ಇನ್ನಾ ಸಿಟ್ಟ ಐತೇನ್ರಿ ಬಾಯಾರ?" ಎಂದರು. ಐತಿ ಎಂದೆ. ನಕ್ಕರು.

ಮಳೆ ನಿಂತ ಮೇಲೆ, ಮೊನ್ನೆ ಮತ್ತೆ ಖಾನಾಪುರಕ್ಕೆ ಹೋದೆ. ಬಾಜು ಮನೆಯಲ್ಲಿ ಅವನ ಕಾಕಾನ ಮಗನ ಸಂಸಾರವಿದೆ. ಊಟ ಅಲ್ಲಿಂದ ಬರುತ್ತದೆ, ಬ್ಯಾಟರಿ ಇಳಿಯದಂತೆ ಅವರೇ ಆಗಾಗ ಇಂಜಿನ್ ಚಾಲೂ ಮಾಡುತ್ತಾರೆ. ಅವನು ನನ್ನ ಚಪ್ಪಲಿಯ ಸಪ್ಪಳದಲ್ಲೇ ಗುರುತು ಹಿಡಿದ. "ಬರ್ರಿ ಬಾಯಾರ, ಕುಂದರ್ರಿ" ಎಂದ. ಚಹಾ ಆಯಿತು. ಆಮೇಲೆ ಸಣ್ಣ ಧ್ವನಿಯಲ್ಲಿ, "ಒಮ್ಮೆ ದೀಪ ಹಚ್ತೀರೇನ್ರಿ? ಅಕ್ಕ ಹೋದ ಮ್ಯಾಲ ಹಚ್ಚಿಲ್ಲ" ಎಂದ.

ಶೆಡ್ಡಿನ ಬಾಗಿಲು ತೆರೆದರೆ ಗಾಡಿ ಚಿಮಣಿಗೆ ಮುಖ ಮಾಡಿಯೇ ನಿಂತಿತ್ತು. ದೀಪ ಹಚ್ಚಿದೆ. ಅವನು ಬಂದು ಬಲಗಡೆಯ ಗಾಜಿನ ಮೇಲೆ ಅಂಗೈ ಇಟ್ಟ. ಎಡಗಡೆಗೆ ಬಂದ. ಬಹಳ ಹೊತ್ತು ಇಟ್ಟುಕೊಂಡು ನಿಂತ. "ಇದು ತಣ್ಣಗ ಐತಿ" ಎಂದ.

ನಾನು ಸೀರೆ ಎತ್ತಿಕಟ್ಟಿ ಮೊಣಕಾಲೂರಿದೆ. ಬೋಲ್ಟು ಬಿಚ್ಚುವ ಪಾನಾ, ಪಾಲಿಶ್ ಪೇಪರು ಅವರಿಟ್ಟ ಜಾಗದಲ್ಲೇ ಇದ್ದವು. ಟಾರ್ಚು ಬಿಟ್ಟು ನೋಡಿದರೆ ಬೋಲ್ಟಿನ ಸುತ್ತ ತುಕ್ಕು ಕಟ್ಟಿತ್ತು. ಅದರ ಮೇಲೆಯೇ ಗ್ರೀಸು ಮೆತ್ತಲಾಗಿತ್ತು. ಕೊನೆಯ ಸಲ ಅವರಿಗೆ ಉಜ್ಜುವ ಶಕ್ತಿ ಇದ್ದಿರಲಿಕ್ಕಿಲ್ಲ, ಗ್ರೀಸಷ್ಟೇ ಸವರಿದ್ದರು. ಆ ಗ್ರೀಸಿನಲ್ಲಿ ಅವರ ಬೆರಳು ಎಳೆದ ಗೆರೆ ಹಾಗೇ ಇತ್ತು. ನಾನು ಪೇಪರು ಹಿಡಿದು ಕುಳಿತೆ.

"ಯಾಕ ನಿಂತ್ರಿ ಬಾಯಾರ?"

"ಗ್ರೀಸಿನಾಗ ಅವರ ಬೆರಳಿನ ಗುರುತು ಐತಪಾ" ಎಂದೆ. "ಕೈ ಏಳವಲ್ದು."

ಅವನು ನನ್ನ ಪಕ್ಕ ಕುಳಿತ. "ತೋರಸ್ರಿ" ಎಂದು ಕೈ ಚಾಚಿದ. ನಾನು ಅವನ ಬೆರಳನ್ನು ಒಯ್ದು ಆ ಗೆರೆಯ ಮೇಲಿಟ್ಟೆ. ಅವನು ಅದನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡ. ಆಮೇಲೆ ತಾನೇ ಆ ಗ್ರೀಸನ್ನು ಪೂರಾ ಬಳಿದು ತೆಗೆದು ಅಂಗೈಗೆ ಒರೆಸಿಕೊಂಡ. "ಈಗ ಕೆರೀರಿ" ಎಂದ. "ಅಕ್ಕ ಕೆರದದ್ದಕ್ಕ ನಾ ಅವತ್ತು ಗಿಡ ನೋಡಿದೆ."

ಉಜ್ಜಿದೆ. ಅವನು ಬೆರಳಿಟ್ಟು ನೋಡಿ, "ಇನ್ನಾ" ಎಂದ. ಮತ್ತೆ ಉಜ್ಜಿದೆ. ಕಬ್ಬಿಣ ಬಂತು. ಬಿಗಿದು, ಗ್ರೀಸು ಸವರಿ, ದೀಪ ಹಚ್ಚಿದೆ. ಹೊರಗೆ ಕತ್ತಲಾಗಿತ್ತು. ಅವನು ಎಡಗಡೆಯ ಗಾಜಿನ ಮೇಲೆ ಅಂಗೈ ಇಟ್ಟು ಕಾದು, "ಆತು" ಎಂದ. ಆಮೇಲೆ ಕೇಳಿದ, "ಚಿಮಣಿ ಕಾಣಸ್ತೈತೇನ್ರಿ?"

"ಕಾಣಸ್ತೈತಿ."

"ಗಿಡ?"

"ದೊಡ್ಡದಾಗೈತಿ. ಗಾಳಿಗೆ ಎಲಿ ಹೊಳ್ಯಾಕ ಹತ್ತ್ಯಾವು."

ಅವನು ಕೈ ತೆಗೆಯಲಿಲ್ಲ. ಆರಿಸಲೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಒಂದೊಂದಾಗಿ ಹುಳಗಳು ಬರತೊಡಗಿದವು. ನಾನು ಸೆರಗು ಬಿಚ್ಚಿ, ಬಗ್ಗಿ ನಿಂತು, ಬೀಸತೊಡಗಿದೆ.